ಸೇತುವೆ ಎಡಗಡೆ

ಒದ್ದೆ ಶೀಟಿನ ಅಂಚು ಸರಿದು ಮೊದಲು ಒಂದು ಕೈ ಕಾಣಿಸಿತು, ಬೆರಳ ತುಂಬ ಬಿಸ್ಕತ್ತಿನ ಪುಡಿ. ಆಮೇಲೆ ಒಂದು ಕಪ್ಪು ಕನ್ನಡಕ. ಆಮೇಲೆ ಇಡೀ ಮನುಷ್ಯ. ಅವನ ಬೆನ್ನಿಗೆ ಹೆಂಡತಿ, ಎರಡು ಮಕ್ಕಳು, ಕೊಡೆ ಬಿಚ್ಚಿಕೊಂಡ ಒಬ್ಬ ಅಜ್ಜಿ.

“ಮುಳುಗಿದ ಸೇತುವೆ ಎಲ್ಲಿ ಬರತ್ತೆ?”

ಶೀಟಕ್ಕನ ಬಾಯಲ್ಲಿ ಎರಡು ಕ್ಲಿಪ್ಪುಗಳಿದ್ದವು. ಅವನ್ನು ತೆಗೆಯುವಷ್ಟು ತಾಳ್ಮೆ ಉಳಿದಿರಲಿಲ್ಲ. ಅವರು ಬಂದ ದಾರಿಯ ಕಡೆಗೇ ಕೈ ಬೀಸಿದಳು.

“ಆ ಕಡೆನಾ? ನಾವು ಅಲ್ಲಿಂದಾನೇ ಬಂದ್ವಿ. ಬೋರ್ಡಲ್ಲಿ ಸೇತುವೆ ಎಡಗಡೆ ಇದೆಯಲ್ಲಮ್ಮ.”

ಕ್ಲಿಪ್ಪು ತೆಗೆಯಲೇಬೇಕಾಯಿತು. “ಬೋರ್ಡಲ್ಲಿದೆ ಸ್ವಾಮಿ. ನೆಲದ ಮೇಲಿಲ್ಲ. ಬಸ್ ಸ್ಟಾಪಿಗೆ ವಾಪಸ್ ಹೋಗಿ, ಅದನ್ನೂ ದಾಟಿ ಸೀದಾ ನಡೀರಿ. ನೀರೊಳಗೆ ಕಲ್ಲಿನ ಕಮಾನು ಕಾಣ್ತವೆ. ಅದೇ.”

“ಟೀ ಅಂಗಡಿಯವರೂ ಎಡಕ್ಕೇ ಅಂದ್ರಲ್ಲ?”

“ಅಂತಾರೆ.”

“ಹಾಗಾದ್ರೆ ಇಲ್ಲೇನಿದೆ ನೋಡೋಕೆ?”

“ನಾನಿದೀನಿ,” ಎಂದಳು ಶೀಟಕ್ಕ.

ನಗಬೇಕೋ ಬೇಡವೋ ತಿಳಿಯದೆ ಆ ಮನುಷ್ಯ ಕನ್ನಡಕ ಸರಿಮಾಡಿಕೊಂಡ. ಅಷ್ಟರಲ್ಲಿ ಚಿಕ್ಕ ಮಗು ಶೀಟಿಗೆ ಮುಖ ಒತ್ತಿ ಭೂತದ ಹಾಗೆ ಊಳಿಟ್ಟಿತು. ಹೆಂಡತಿ “ಅಯ್ಯೋ, ಎಷ್ಟು ಮುದ್ದಾಗಿದೆ, ಇನ್ನೊಂದ್ಸಲ ಮಾಡು ಪುಟ್ಟ” ಎಂದು ಫೋನ್ ಎತ್ತಿದಳು. ಪುಟ್ಟ ಇನ್ನೊಂದು ಸಲ ಮಾಡಿತು. ಬೆಳಗಿನಿಂದ ಕುದಿಸಿ, ಒಗೆದು, ನೀಲಿಯಲ್ಲಿ ಅದ್ದಿ, ಹಿಂಡಿ ಹರವಿದ ಶೀಟಿನ ಮೇಲೆ ಮೂಗು, ಬಾಯಿ, ಬಿಸ್ಕತ್ತು ಮೂರೂ ಅಚ್ಚೊತ್ತಿದಂತೆ ಉಳಿದವು.

ಇದು ಸಾಲದೆಂಬಂತೆ ಮನೆಯ ಜಗಲಿಯಿಂದ ಮಾವನ ದನಿ ತೇಲಿ ಬಂತು. “ಯಾರಮ್ಮ ಅದು, ಪ್ರವಾಸಿಗಳಾ? ಬರಹೇಳು, ಬರಹೇಳು. ಇಲ್ಲಿ ನೆರಳಿದೆ. ಸೇತುವೆ ಮುಳುಗಿದ ಕತೆ ಹೇಳ್ತೀನಿ.”

ಮುಂದಿನ ಅರ್ಧ ಗಂಟೆ ಅವಳ ಕೈಯಲ್ಲಿರುವುದಿಲ್ಲ ಎಂದು ಶೀಟಕ್ಕನಿಗೆ ಗೊತ್ತಿತ್ತು. ಬಂದವರು ಕತೆ ಕೇಳುತ್ತಾರೆ, ನೀರು ಕೇಳುತ್ತಾರೆ, ಬಚ್ಚಲು ಎಲ್ಲಿ ಎಂದು ಕೇಳುತ್ತಾರೆ. ಹೊರಡುವಾಗ “ಸೇತುವೆ ನೋಡದಿದ್ರೂ ಪರವಾಗಿಲ್ಲ, ನಿಮ್ಮ ಮನೆ ಎಷ್ಟು ಚೆನ್ನಾಗಿದೆ” ಎನ್ನುತ್ತಾರೆ. ಆ ಮಾತು ಕೇಳಿದಾಗೆಲ್ಲ ಅವಳ ಮೈ ಉರಿದುಹೋಗುತ್ತಿತ್ತು.

ಊರಿನ ಬಾಯಲ್ಲಿ ಅವಳು ಶೀಟಕ್ಕ. ಈ ದಡದಲ್ಲೂ ಆಚೆ ದಡದಲ್ಲೂ ಇರುವ ಲಾಡ್ಜುಗಳ ಹಾಸುಬಟ್ಟೆ, ಹೊದಿಕೆ, ದಿಂಬಿನ ಚೀಲ, ಟವೆಲುಗಳೆಲ್ಲ ಗಂಟು ಗಂಟಾಗಿ ಅವಳ ಅಂಗಳಕ್ಕೆ ಬಂದು ಬೀಳುತ್ತವೆ. ಪ್ರವಾಸಿಗಳನ್ನು ಅವಳು ಮುಖಕ್ಕಿಂತ ಮೊದಲು ಕಲೆಯಿಂದ ಬಲ್ಲಳು. ತುಟಿಯ ಬಣ್ಣ ಸೋಪಿಗೆ ಬಿಡುತ್ತದೆ, ಟೀ ಕಲೆ ಕುದಿಗೆ ಬಿಡುತ್ತದೆ. ಬಿಸಿಲಿಗೆಂದು ಹಚ್ಚಿಕೊಳ್ಳುವ ಬಿಳಿ ಕ್ರೀಮಿನ ಕಲೆ ಮಾತ್ರ ಹಠಮಾರಿ, ಕುದಿಸಿದಷ್ಟೂ ಹಳದಿಗಟ್ಟಿ ಕೂರುತ್ತದೆ. ಶೀಟು ಮಡಿಸಲು ಇಬ್ಬರು ಬೇಕು. ಅವಳು ಒಂದು ತುದಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ಮೊಳೆಯನ್ನೇ ಎರಡನೆಯ ಮನುಷ್ಯನೆಂದು ತಿಳಿದು, ಒಬ್ಬಳೇ ಮಡಿಸುತ್ತಾಳೆ. ಈ ಮನೆಯಲ್ಲಿ ಎದುರು ಮಾತಾಡದ ಏಕೈಕ ಜೀವ ಆ ಮೊಳೆ ಎಂದು ಒಮ್ಮೆ ಗಂಡನಿಗೆ ಹೇಳಿದ್ದಳು.

ಮನೆಗೂ ನೀರಿಗೂ ನಡುವೆ ಒಂದು ಕಿರಿದಾದ ಓಣಿ. ಓಣಿಯ ಆಚೆಗೆ ನೀರಿನ ತನಕ ಹರಡಿದ ಬಯಲು. ಅಲ್ಲಿ ಕಂಬಗಳು, ಕಂಬದಿಂದ ಕಂಬಕ್ಕೆ ಹಗ್ಗ. ನೀರಿನ ಮೇಲಿಂದ ಎದ್ದ ಗಾಳಿ ಮೊದಲು ತಾಗುವುದು ಈ ಬಯಲಿಗೇ. ಗಾಳಿ ಬಂತೆಂದರೆ ಶೀಟುಗಳು ಒಂದರ ಹಿಂದೆ ಒಂದು ಹೊಟ್ಟೆ ಉಬ್ಬಿಸಿ, ಎಲ್ಲಿಗೋ ಹೊರಟು ನಿಂತ ಹಾಗೆ ಕಾಣುತ್ತವೆ. ಮಧ್ಯಾಹ್ನ ದಾಟುವುದರೊಳಗೆ ಅವು ಗರಿಗರಿಯಾಗಿ ಒಣಗಿ, ಬಿಸಿಲಿನ ವಾಸನೆ ಹಿಡಿಯುತ್ತವೆ. ಆ ವಾಸನೆಗಾಗಿಯೇ, ಎಲ್ಲರಿಗಿಂತ ಹೆಚ್ಚು ಗಂಟು ಕಳಿಸುವ ಲಾಡ್ಜಿನ ಮೇಡಂ ಇನ್ನೂ ಒಗೆಯುವ ಮೆಷಿನ್ ತಂದಿಲ್ಲ. ಗಂಟು ಬಿಚ್ಚಿದೊಡನೆ ಒಂದು ಶೀಟನ್ನು ಮೂಗಿಗೆ ಹಿಡಿದು, “ಇದೊಂದಕ್ಕೋಸ್ಕರ ಸುಮ್ನಿದೀನಿ ನೋಡಿ” ಎನ್ನುತ್ತಾರೆ. ಮನೆಯ ಹಿಂದೆಯೂ ಜಾಗವಿದೆ, ಆದರೆ ಅಲ್ಲಿ ಗಾಳಿಯಿಲ್ಲ. ಅಲ್ಲಿ ಒಣಗಿದ ಬಟ್ಟೆಗೆ ಮುಗ್ಗಲು ವಾಸನೆ. ಮೇಡಮ್ಮಿನ ಮೂಗನ್ನು ದಾಟಿ ಅದು ಹೋಗಲಾರದು. ಬಯಲು ಹೋದರೆ ಕೆಲಸ ಹೋಯಿತು, ಅಷ್ಟೇ.

ಬಯಲು ಅವಳದ್ದಲ್ಲ ಎನ್ನುವುದೊಂದೇ ತೊಡಕು. ಅದು ದಡ, ದಡ ಊರಿಗೆ ಸೇರಿದ್ದು. ಇಷ್ಟು ವರ್ಷ ಅದನ್ನು ಯಾರೂ ಕೇಳಿರಲಿಲ್ಲ.

ಇನ್ನು ಬೋರ್ಡಿನ ವಿಷಯ.

ಇಲ್ಲಿ ಹುಟ್ಟಿ ಬೆಳೆದವರೆಲ್ಲ ನೀರಿನ ಜನ. ರಸ್ತೆ ಬರುವ ಮೊದಲು ಊರಿಗೆ ಬರುವುದೆಂದರೆ ದೋಣಿಯಲ್ಲಿ ಬರುವುದು. ದೋಣಿಯಲ್ಲಿ ಕೂತು ದಡಕ್ಕೆ ಮುಖ ಮಾಡಿದಾಗ ಯಾವುದು ಎಡವೋ ಅದು ಎಡ, ಯಾವುದು ಬಲವೋ ಅದು ಬಲ. ಆಮೇಲೆ ನೀವು ಎಲ್ಲೇ ನಿಂತಿರಿ, ಯಾವ ಕಡೆಗೇ ತಿರುಗಿ, ಅವರಿಗೆ ಸಂಬಂಧವಿಲ್ಲ. ಮನೆಯೊಳಗೂ ಇದೇ ಲೆಕ್ಕ. ಮದುವೆಯಾಗಿ ಬಂದ ಹೊಸತರಲ್ಲಿ, ಆಗಿನ್ನೂ ಬದುಕಿದ್ದ ಅತ್ತೆ “ಸಕ್ಕರೆ ಬಲಗಡೆ ಗೂಡಲ್ಲಿದೆ” ಎಂದಿದ್ದರು. ನೀರಿನ ಕಡೆಯ ಕಿಟಕಿಗೆ ಮುಖ ಮಾಡಿ ನಿಂತಿದ್ದ ಹೊಸ ಸೊಸೆ ತನ್ನ ಬಲಗೈಗೆ ಸಿಕ್ಕ ಡಬ್ಬಿಯಿಂದ ಇಡೀ ಮನೆಗೆ ಉಪ್ಪಿನ ಟೀ ಮಾಡಿಕೊಟ್ಟಳು. ಮಾವ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, “ಒಳನಾಡಿನವರು ಹೀಗೇನಾ ಕುಡಿಯೋದು?” ಎಂದು ಕೇಳಿದ್ದರು. ಅವಳ ತವರು ನೀರಿಲ್ಲದ ಪೇಟೆ. ಅಲ್ಲಿ ಮನುಷ್ಯನ ಎಡಗೈ ಇದ್ದ ಕಡೆ ಎಡ.

ಪ್ರವಾಸಿಗಳು ಬರತೊಡಗಿದ ಮೇಲೆ ದಡ ಅಭಿವೃದ್ಧಿ ಸಮಿತಿ ಹುಟ್ಟಿತು. ಬದುಕಿಡೀ ದೋಣಿ ನಡೆಸಿದ ಮಾವನನ್ನು ಗೌರವ ಅಧ್ಯಕ್ಷರನ್ನಾಗಿ ಮಾಡಿದರು. ನೋಡುವ ಜಾಗಗಳ ನಕ್ಷೆ ಬರೆಯಲು ಹೊರಗಿನಿಂದ ಒಬ್ಬ ಪೇಂಟರ್ ಬಂದಾಗ, ಮಾವ ಅವನನ್ನು ದೋಣಿಯಲ್ಲಿ ಕೂರಿಸಿಕೊಂಡು ನಡುನೀರಿಗೆ ಒಯ್ದು, “ನೋಡ್ಕೊ, ಎಡಗಡೆ ಸೇತುವೆ, ಬಲಗಡೆ ದೀಪದ ಗೋಪುರ” ಎಂದರು. ಪೇಂಟರ್ ಕಂಡಿದ್ದನ್ನು ಕಂಡ ಹಾಗೆ ಬರೆದ. ಕೆಳಗೆ ನೀಲಿ ನೀರು, ಮೇಲೆ ಹಸಿರು ದಡ, ಎಡತುದಿಗೆ ಸೇತುವೆ, ಬಲತುದಿಗೆ ಗೋಪುರ. ಮೂಲೆಯಲ್ಲಿ ಚಿಕ್ಕ ಅಕ್ಷರದಲ್ಲಿ ‘ಮಾರ್ಗದರ್ಶನ: ಗೌರವ ಅಧ್ಯಕ್ಷರು’. ಆ ತಗಡನ್ನು ತಂದು ಬಸ್ ಸ್ಟಾಪಿನ ಎದುರು, ನೀರು ಹಿಂದೆ ಬರುವ ಹಾಗೆ ನೆಟ್ಟರು. ಬಸ್ಸಿನಿಂದ ಇಳಿದವರು ನೀರಿನ ಕಡೆ ಮುಖ ಮಾಡಿ ಅದನ್ನು ಓದುತ್ತಾರೆ. ಓದಿ, ಸೇತುವೆ ನೋಡಲು ಎಡಕ್ಕೆ ತಿರುಗುತ್ತಾರೆ. ಎಡಕ್ಕೆ ಸೇತುವೆಯಿಲ್ಲ. ಎಡಕ್ಕೆ ಶೀಟಕ್ಕ.

ಗೋಪುರ ಹುಡುಕಿಕೊಂಡು ಬಲಕ್ಕೆ ಹೋದವರಿಗೆ ಸೇತುವೆ ಸಿಗುತ್ತದೆ. ಅವರು ಹೇಗೂ ಖುಷಿ, ಸೇತುವೆ ಚೆನ್ನಾಗಿದೆ. ಗೋಪುರವೆಂದರೆ ಶೀಟಕ್ಕನ ಬಯಲಿನಾಚೆ ಜೊಂಡಿನ ಮರೆಯಲ್ಲಿರುವ ಒಂದು ಮೋಟು ಗೋಡೆ. ಅದು ಸಿಗಲಿಲ್ಲವೆಂದು ಅತ್ತವರು ಯಾರೂ ಇಲ್ಲ. ಹಾಗಾಗಿ ದೂರು ಹೇಳುವವಳು ಇಡೀ ಊರಿಗೆ ಒಬ್ಬಳೇ.

“ಮಾವ, ಬೋರ್ಡು ತಿರುಗಾಮುರುಗಾ ಆಗಿದೆ,” ಎಂದು ಅವಳು ಹೇಳಿದ್ದಕ್ಕೆ ಲೆಕ್ಕವಿಲ್ಲ.

“ನಾನು ಹುಟ್ಟಿದಾಗಿಂದ ಸೇತುವೆ ಎಡಗಡೇನೇ ಇದೆ. ನೀನು ಬಂದ್ಮೇಲೆ ಎದ್ದು ಆ ಕಡೆ ಹೋಯ್ತಾ?”

ಟೀ ಅಂಗಡಿ ಇಟ್ಟಿದ್ದ ನಾದಿನಿಗೆ ಹೇಳಿದರೆ ಅವಳೂ ಅಪ್ಪನ ಮಗಳೇ. ಬೋರ್ಡಿನ ಪಕ್ಕದಲ್ಲೇ ಅವಳ ಒಲೆ. ಕೇಳಿದವರಿಗೆಲ್ಲ ಸೌಟಿನಲ್ಲಿ ಗಾಳಿಗೆ ಗೀರೆಳೆದು “ಎಡಕ್ಕೆ, ಎಡಕ್ಕೆ” ಎನ್ನುವಳು. “ಅತ್ತಿಗೆ, ನಾನು ಸರಿಯಾಗೇ ಹೇಳ್ತೀನಪ್ಪ. ಅವರು ತಪ್ಪು ಕಡೆ ತಿರುಗಿದ್ರೆ ನಾನೇನ್ಮಾಡ್ಲಿ? ಓದಿದ ಜನ, ಎಡಬಲ ಗೊತ್ತಾಗಲ್ಲ.”

ಹೀಗೆ ಸಾಗುತ್ತಿದ್ದಾಗ ಒಂದು ಬೆಳಗ್ಗೆ ಸಮಿತಿಯ ಕಾರ್ಯದರ್ಶಿ ಬೈಕಿನಲ್ಲಿ ಬಂದು ಇಳಿದ. ಕೈಯಲ್ಲಿ ಅಳತೆ ಟೇಪು. ಶುಭ್ರವಾದ ಅಂಗಿ, ಕಾಲರಿನ ಒಳಗೆ ಮಡಿಸಿಟ್ಟ ಕರವಸ್ತ್ರ. ಅವನಿಗೆ ಲೋಕದಲ್ಲಿ ಇರುವುದೆಲ್ಲ ಪಾಯಿಂಟುಗಳೇ.

“ಅಕ್ಕ, ನಿಮಗೊಂದು ಒಳ್ಳೆ ಸುದ್ದಿ. ಈ ಜಾಗಾನ ವ್ಯೂ ಪಾಯಿಂಟ್ ಮಾಡ್ತಿದೀವಿ.”

ಶೀಟಕ್ಕ ಹಿಂಡುತ್ತಿದ್ದ ಟವೆಲನ್ನು ಹಿಂಡುತ್ತಲೇ ನಿಂತಳು. ಅದರಲ್ಲಿ ಇನ್ನು ನೀರಿರಲಿಲ್ಲ.

“ಕಲ್ಲು ಬೆಂಚು, ಸುತ್ತ ಕಂಬಿ, ನಡುವೆ ಫೋಟೊ ತೆಗೆಸ್ಕೊಳ್ಳೋಕೆ ಒಂದು ಚೌಕಟ್ಟು. ಮುಂದಿನ ವಾರ ಕಲ್ಲು ತಂದು ಇಳಿಸ್ತಾರೆ. ನಿಮ್ಮ ಹಗ್ಗ ಕಂಬ ಸ್ವಲ್ಪ ಹಿಂದಕ್ಕೆ ಹಾಕ್ಕೊಂಡ್ರೆ ಆಯ್ತು.”

“ಹಿಂದಕ್ಕೆ ಅಂದ್ರೆ ಮನೆಯೊಳಗೆ ಹಾಕ್ಕೊಳ್ಲಾ? ಹಿತ್ತಿಲಲ್ಲಿ ಗಾಳಿ ಇಲ್ಲ ಸಾರ್. ಬಟ್ಟೆ ಒಣಗಲ್ಲ. ಅಷ್ಟಕ್ಕೂ ಇಲ್ಲಿಂದ ಏನು ಕಾಣ್ಸತ್ತೆ? ಸೇತುವೆ ಆ ಕಡೆ ಇದೆ.”

“ಅಕ್ಕ, ಸೇತುವೆ ಎಲ್ಲಿದೆ ಅನ್ನೋದು ಮುಖ್ಯ ಅಲ್ಲ. ಜನ ಎಲ್ಲಿಗೆ ಬರ್ತಾರೋ ಅದೇ ಪಾಯಿಂಟು.”

“ಜನ ಬರೋದು ಬೋರ್ಡು ತಪ್ಪಿರೋದಕ್ಕೆ!”

ಕಾರ್ಯದರ್ಶಿ ಮುಖ ಗಂಭೀರ ಮಾಡಿಕೊಂಡ. ಜಗಲಿಯ ಕಡೆ ತಿರುಗಿ ದನಿ ಎತ್ತಿದ. “ಅಧ್ಯಕ್ಷರೇ, ಬೋರ್ಡು ಸರಿ ಇದೆ ತಾನೆ?”

“ನೂರಕ್ಕೆ ನೂರು,” ಎಂದರು ಮಾವ. ಎದ್ದು ಬಂದು ಬೆಂಚು ಎಲ್ಲೆಲ್ಲಿ ಹಾಕಬೇಕೆಂದು ಕೋಲಿನಲ್ಲಿ ತೋರಿಸಿಯೂ ಕೊಟ್ಟರು.

ಆ ದಿನ ಶೀಟಕ್ಕ ಸಿಟ್ಟಿನಲ್ಲಿ ಒಗೆದ ಒಗೆತಕ್ಕೆ ಲಾಡ್ಜಿನ ಎರಡು ಟವೆಲು ಜಾಳಾಗಿ ಹೋದವು. ಮಧ್ಯಾಹ್ನ ಒಂದು ಹಳೆಯ ದಿಂಬಿನ ಚೀಲ ತೆಗೆದುಕೊಂಡು, ಬಟ್ಟೆಗೆ ಗುರುತು ಹಾಕುವ ಅಳಿಸದ ಮಸಿಯಲ್ಲಿ ದಪ್ಪಗೆ ಬರೆದಳು: ‘ಇದು ಸೇತುವೆ ಅಲ್ಲ.’ ಎಲ್ಲಕ್ಕಿಂತ ಮುಂದಿನ ಹಗ್ಗಕ್ಕೆ, ಎಲ್ಲರಿಗೂ ಕಾಣುವ ಹಾಗೆ, ನಾಲ್ಕು ಕ್ಲಿಪ್ಪು ಹಾಕಿ ಬಿಗಿದಳು. ಬಂದವರು ಓದಿಕೊಂಡು ತಾವಾಗಿಯೇ ವಾಪಸ್ ಹೋಗುತ್ತಾರೆ, ತನ್ನ ಬಾಯಾದರೂ ಉಳಿಯುತ್ತದೆ ಎಂದು ಅವಳ ಎಣಿಕೆ.

ಬಂದವರು ಓದಿದರು. ಓದಿ ಬಿದ್ದು ಬಿದ್ದು ನಕ್ಕರು. ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಆ ಫೋಟೊ ಯಾರ ಯಾರ ಫೋನಿಗೆ ಹಾರಿತೋ, ವಾರದ ಕೊನೆಗೆ ಒಂದು ವ್ಯಾನು ತುಂಬ ಕಾಲೇಜು ಹುಡುಗಿಯರು ಬಂದಿಳಿದು, “ಆಂಟಿ, ‘ಇದು ಸೇತುವೆ ಅಲ್ಲ’ ಎಲ್ಲಿದೆ?” ಎಂದು ಕೇಳಿದರು. ಅವರಿಗೆ ಸೇತುವೆ ಬೇಕಾಗಿಯೇ ಇರಲಿಲ್ಲ. ಶೀಟಕ್ಕ ಆ ದಿಂಬಿನ ಚೀಲವನ್ನು ಕಿತ್ತು ಒಲೆಗೆ ತುರುಕಿದಳು. ಅವಳು ಕೀಳುವುದನ್ನೂ ಒಬ್ಬಳು ಫೋಟೊ ಹಿಡಿದಳು.

ರಾತ್ರಿಯ ಊಟಕ್ಕೆ ಕೂತ ಗಂಡನ ಮುಂದೆ ತಟ್ಟೆ ಕುಕ್ಕಿದ ಸದ್ದಿಗೇ ಅವನಿಗೆ ಅರ್ಧ ಅರ್ಥವಾಯಿತು. ಅವನು ಎರಡೂ ದಡಕ್ಕೆ ಓಡಾಡುವ ಲಾಂಚಿನ ಡ್ರೈವರು. ಇಡೀ ದಿನ ಇಂಜಿನ್ನಿನ ಗದ್ದಲದಲ್ಲಿದ್ದು ಬಂದವನಿಗೆ ಮನೆಯಲ್ಲಿ ಸದ್ದೇ ಇರಬಾರದು.

“ರೀ, ನಿಮ್ಮಪ್ಪನಿಗೆ ಒಂದು ಮಾತು ಹೇಳಿ. ಬೋರ್ಡು ತಪ್ಪಾಗಿದೆ ಅಂತ ಅವರೇ ಸಮಿತಿಗೆ ಹೇಳ್ಬೇಕು. ಬೇರೆ ಯಾರು ಹೇಳಿದ್ರೂ ಆ ಕಾರ್ಯದರ್ಶಿ ಕಿವಿಗೆ ಬೀಳಲ್ಲ.”

“ಅಪ್ಪನಿಗೆ ಹೇಗೆ ಹೇಳ್ಲಿ ಕಣೇ? ಈ ವಯಸ್ಸಲ್ಲಿ ಅವರಿಗೆ ಉಳಿದಿರೋದು ಅದೊಂದು ಬೋರ್ಡು.”

“ನನಗೆ ಉಳಿದಿರೋದು ಅದೊಂದು ಬಯಲು.”

ಗಂಡ ಅನ್ನ ಕಲಸಿದ್ದನ್ನೇ ಕಲಸಿದ. “ಅಲ್ಲ, ಅದೂ ಅಲ್ದೆ, ಸೇತುವೆ ಎಡಗಡೇನೇ ಅಲ್ವಾ?”

ಅವಳು ಹಣೆ ಚಚ್ಚಿಕೊಂಡು ಎದ್ದು ಹೋದಳು.

ಮರುದಿನ ಆಚೆ ದಡದ ಲಾಡ್ಜಿಗೆ ಒಗೆದ ಗಂಟು ಕೊಟ್ಟು, ಕೊಳೆ ಗಂಟು ತರುವ ಸರದಿ. ಬರುವಾಗ ಲಾಂಚಿನ ಹಿಂದಿನ ಕಟ್ಟೆಯಲ್ಲಿ, ಅವಳು ಯಾವಾಗಲೂ ದಡಕ್ಕೆ ಬೆನ್ನು ಹಾಕಿ ಕೂರುವ ಜಾಗದಲ್ಲಿ, ಪ್ರವಾಸಿಗಳು ತುಂಬಿದ್ದರು. ಗಂಟುಗಳನ್ನು ಒದ್ದುಕೊಂಡು ಮುಂದಕ್ಕೆ ಹೋಗಿ ಲಾಂಚಿನ ಮೂತಿಯ ಹತ್ತಿರ ಕೂತಳು. ಇಷ್ಟು ವರ್ಷಗಳಲ್ಲಿ ಮೊದಲ ಸಲ ತನ್ನ ಊರು ತನ್ನ ಕಡೆ ಮುಖ ಮಾಡಿ ಹತ್ತಿರ ಬರುವುದನ್ನು ನೋಡಿದಳು. ನೀರು ಮಂಕು ಬೆಳ್ಳಿಯ ಹಾಗಿತ್ತು. ಬೆಳಗ್ಗೆ ಹರವಿ ಬಂದ ಶೀಟುಗಳು ದೂರದಲ್ಲಿ, ಯಾರೋ ದಡದ ಮೇಲೆ ಮರೆತು ಹೋದ ಕಾಗದದ ಚೂರುಗಳಂತೆ ಅಲುಗುತ್ತಿದ್ದವು. ಅಷ್ಟು ಚಿಕ್ಕದಾ ನನ್ನ ಬಯಲು ಎನಿಸಿತು.

ಪಕ್ಕದಲ್ಲಿ ನಿಂತ ಯುವಕನೊಬ್ಬ ಬೋರ್ಡಿನ ಫೋಟೊ ತೆಗೆದುಕೊಂಡಿದ್ದ. ಫೋನನ್ನು ದಡದ ಎದುರಿಗೆ ಹಿಡಿದು ಗೆಳೆಯನಿಗೆ ಹೇಳಿದ: “ನೋಡೋ, ಕರೆಕ್ಟಾಗಿದೆ. ಎಡಗಡೆ ಸೇತುವೆ, ಬಲಗಡೆ ಗೋಪುರ. ನಿನ್ನೆ ನಾವೇ ದಡ್ಡರ ಹಾಗೆ ಯಾವುದೋ ಬಟ್ಟೆ ಒಗೆಯೋರ ಮನೆಗೆ ಹೋದ್ವಿ.”

ಶೀಟಕ್ಕ ಅವನ ಫೋನು ನೋಡಿದಳು. ದಡ ನೋಡಿದಳು. ಫೋನಿನ ಎಡಕ್ಕೆ ಸೇತುವೆ, ಅವಳ ಎಡಗೈಯ ಕಡೆಗೂ ಸೇತುವೆ. ಫೋನಿನ ಬಲಕ್ಕೆ ಗೋಪುರ, ಅವಳ ಬಲಗೈಯ ಕಡೆಗೆ ಜೊಂಡು, ಜೊಂಡಿನ ಹಿಂದೆ ಮೋಟು ಗೋಡೆ. ನಕ್ಷೆಯಲ್ಲಿ ಒಂದು ಗೆರೆಯೂ ತಪ್ಪಿರಲಿಲ್ಲ. ಬೋರ್ಡು ಸರಿಯಾಗಿಯೇ ಇತ್ತು, ನಿಂತಿದ್ದು ಮಾತ್ರ ಬೆನ್ನು ತಿರುಗಿಸಿ. ಮಾವನ ಜೊತೆ ಆಡಿದ ಜಗಳಗಳಲ್ಲೆಲ್ಲ ತಾನೇ ಸರಿ ಎಂದು ಅವಳು ಗಟ್ಟಿಯಾಗಿ ನಂಬಿದ್ದು ಇದೊಂದೇ. ಅದೂ ಕೈಜಾರಿ ನೀರಿಗೆ ಬಿದ್ದಿತ್ತು. ಸಮಾಧಾನವಾಗಬೇಕಾದ ಹೊತ್ತಿನಲ್ಲಿ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಮನೆಗೆ ಬಂದವಳೇ ಗಂಟು ಇಳಿಸಿ, ಸೆರಗಿನಲ್ಲಿ ಮುಖ ಒರೆಸಿ, ಜಗಲಿಯ ಮುಂದೆ ನಿಂತಳು.

“ಮಾವ, ನೀವು ಹೇಳಿದ್ದೇ ಸರಿ.”

ಮಾವ ಕೋಲು ಕೆಳಗಿಟ್ಟು ಅವಳನ್ನು ಮೇಲಿಂದ ಕೆಳಗೆ ನೋಡಿದರು. “ಯಾಕಮ್ಮ, ಹುಷಾರಿಲ್ವಾ?”

“ಹುಷಾರಾಗೇ ಇದೀನಿ. ಬೋರ್ಡು ಸರಿಯಾಗಿದೆ. ನೆಟ್ಟೋರು ತಪ್ಪು ಮಾಡಿದಾರೆ. ನೀರಿಗೆ ಬೆನ್ನು ಹಾಕಿ ಓದಬೇಕಾದ್ದನ್ನ ನೀರಿಗೆ ಮುಖ ಮಾಡಿ ಓದೋ ಹಾಗೆ ನಿಲ್ಲಿಸಿದಾರೆ. ದೋಣಿಯಿಂದ ಬರೋನಿಗೆ ಬೋರ್ಡು ಬೆನ್ನು ತೋರಿಸಿ ನಿಂತಿದೆ, ನೋಡಿ.”

ಮಾವ ಕಣ್ಣು ಮುಚ್ಚಿದರು. ಅವರ ಎಡಗೈ ತೊಡೆಯ ಮೇಲೆ ಹುಟ್ಟು ಹಿಡಿದ ಹಾಗೆ ಮೆಲ್ಲಗೆ ಅಲುಗುತ್ತಿತ್ತು. ದಡಕ್ಕೆ ಬರುವಾಗ ಕಾಣುವುದನ್ನು ಅವರು ಒಳಗೇ ನೋಡುತ್ತಿದ್ದಾರೆ ಎಂದು ಅವಳಿಗೆ ತಿಳಿಯಿತು.

“ನೀರಿಂದ ಬರೋರಿಗೆ ಬೆನ್ನು ತೋರಿಸಿದಾರಾ?” ಎಂದು ಕೊನೆಗೆ ಗುಡುಗಿದರು. “ಎಂಥಾ ಅವಮಾನ! ಅವತ್ತೇ ಹೇಳಿದ್ದೆ ನಾನು, ಯಾರು ಕೇಳ್ತಾರೆ ಈ ಮನೇಲಿ?”

ಅವತ್ತು ಅವರು ಏನೂ ಹೇಳಿರಲಿಲ್ಲ. ಶೀಟಕ್ಕ ಹಲ್ಲು ಕಚ್ಚಿಕೊಂಡು, “ಹೌದು ಮಾವ, ಯಾರೂ ಕೇಳಲ್ಲ” ಎಂದಳು.

ಗೌರವ ಅಧ್ಯಕ್ಷರು ಹೇಳಿದ ಮೇಲೆ ಕೆಲಸಕ್ಕೆ ಒಂದು ಬೆಳಗೂ ಹಿಡಿಯಲಿಲ್ಲ. ವೆಲ್ಡಿಂಗಿನವನು ಬಂದು ನಾಲ್ಕು ಬೋಲ್ಟು ಬಿಚ್ಚಿ, ತಗಡನ್ನು ಹಿಂದುಮುಂದು ಮಾಡಿ, ಮತ್ತೆ ಬಿಗಿದ. ಈಗ ಬಸ್ಸಿನಿಂದ ಇಳಿದವರಿಗೆ ಕಾಣುವುದು ಬೋಳು ಬೆನ್ನು. ಸುತ್ತಿಕೊಂಡು ನೀರಿನ ಕಡೆಗೆ ಹೋಗಿ, ನೀರಿಗೆ ಬೆನ್ನು ಹಾಕಿ ಓದಬೇಕು. ಓದಿದವರು ಎಡಕ್ಕೆ ತಿರುಗಿದರೆ ಸೀದಾ ಸೇತುವೆ. ಬೋಳು ಬೆನ್ನು ಖಾಲಿ ಇರುವುದೇಕೆಂದು ನಾದಿನಿ ಅದರ ಮೇಲೆ ಸುಣ್ಣದಲ್ಲಿ ‘ಬಿಸಿ ಟೀ’ ಎಂದು ಬರೆದಳು. ದಾರಿ ಕೇಳಿದವರನ್ನು ‘ಆ ಕಡೆ ಹೋಗಿ ಓದ್ಕೊಳ್ಳಿ’ ಎಂದು ಸೌಟಿನಲ್ಲೇ ಅಟ್ಟತೊಡಗಿದಳು. “ಅತ್ತಿಗೆ, ಮೊದಲೇ ಹೀಗೆ ಹೇಳ್ಬಾರದಿತ್ತಾ? ಸುಮ್ನೆ ಅಪ್ಪನ ಜೊತೆ ಜಗಳಾಡ್ತಿದ್ರಿ,” ಎಂದಳು.

ಆಮೇಲೆ ಬಯಲಿಗೆ ಬಂದಿದ್ದು ಬರೀ ಗಾಳಿ. ಶೀಟುಗಳು ತಮ್ಮಷ್ಟಕ್ಕೆ ಉಬ್ಬಿ, ತಮ್ಮಷ್ಟಕ್ಕೆ ಇಳಿದವು. ಅವಳು ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು ಬೆಳಗಿಡೀ ಒಂದೂ ಮಾತಾಡದೆ ಕೆಲಸ ಮಾಡಿದಳು. ಜೊಂಡಿನಲ್ಲಿ ಕೂಗುವ ಹಕ್ಕಿಯೊಂದಿದೆ ಎನ್ನುವುದು ಅವಳಿಗೆ ಮರೆತೇ ಹೋಗಿತ್ತು.

ಜಗಲಿಯ ಮೇಲೆ ಮಾತ್ರ ಗದ್ದಲ ಮುಗಿದಿರಲಿಲ್ಲ.

“ಯಾರೂ ಬರ್ಲಿಲ್ವೇನಮ್ಮ?”

“ಇಲ್ಲ ಮಾವ.”

ಸ್ವಲ್ಪ ಹೊತ್ತಿಗೆ, “ಬಸ್ಸು ಬಂತಾ?”

“ಬಂತು.”

“ಯಾರೂ ಇಳೀಲಿಲ್ವಾ?”

“ಇಳಿದು ಸೇತುವೆಗೆ ಹೋದ್ರು.”

ಮಾವ ಕುರ್ಚಿಯನ್ನು ಜಗಲಿಯ ತುದಿಗೆ ಎಳೆದುಕೊಂಡರು. ಆಮೇಲೆ ಓಣಿಗೆ ಎಳೆದುಕೊಂಡರು. ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ಮತ್ತೆ ಒಂದು ಬೆಳಗ್ಗೆ ಶೀಟಕ್ಕ ಹಂಡೆಯ ಬೆಂಕಿ ಸರಿಮಾಡಿ ಎದ್ದು ನೋಡಿದರೆ ಕುರ್ಚಿ ಖಾಲಿ. ಎಲ್ಲೋ ಅಡ್ಡಾಡಲು ಹೋಗಿರಬೇಕು ಎಂದುಕೊಂಡು ಒಗೆಯಲು ಕೂತಳು.

ಮೊದಲ ಸಾಲು ಹರವುವಷ್ಟರಲ್ಲಿ ಶೀಟಿನ ಅಂಚು ಸರಿಯಿತು.

“ಇಲ್ಲಿ ಸೇತುವೆ...?”

ಅವಳ ಕೈಯಿಂದ ಬುಟ್ಟಿ ಜಾರಿತು. ಅವರ ಹಿಂದೆ ಇನ್ನಿಬ್ಬರು, ಅವರ ಹಿಂದೆ ಒಂದು ದೊಡ್ಡ ಸಂಸಾರ. “ಬೋರ್ಡು ಓದ್ಲಿಲ್ವಾ ನೀವು?” ಎಂದು ಹೆಚ್ಚುಕಡಿಮೆ ಕಿರುಚಿದಳು.

“ಓದ್ಬೇಕು ಅಂತಿದ್ವಿ. ಅಲ್ಲಿ ಒಬ್ರು ತಾತ ಕೂತಿದಾರೆ. ಬೋರ್ಡೆಲ್ಲ ಯಾಕೆ, ಎಡಕ್ಕೆ ಹೋಗಿ, ಅಲ್ಲೇ ಹತ್ರದಲ್ಲಿ ನನ್ನ ಮನೆ ಇದೆ, ನಾನೂ ಬರ್ತೀನಿ, ಕತೆ ಹೇಳ್ತೀನಿ ಅಂದ್ರು.”

ಶೀಟಕ್ಕ ಸೀರೆ ಎತ್ತಿಕಟ್ಟಿದ್ದನ್ನೂ ಇಳಿಸದೆ ಬಸ್ ಸ್ಟಾಪಿಗೆ ಧಾವಿಸಿದಳು. ಮಾವ ಟೀ ಅಂಗಡಿಯ ಬೆಂಚಿನಲ್ಲಿ ಒಗೆದ ಅಂಗಿ ತೊಟ್ಟು, ತಲೆ ಬಾಚಿಕೊಂಡು, ಬಸ್ಸಿನ ಕಡೆ ಕಣ್ಣಿಟ್ಟು ಕೂತಿದ್ದರು. ಅವಳನ್ನು ಕಂಡು ಬೆಂಚಿನಲ್ಲಿ ಜಾಗ ಬಿಟ್ಟರು.

“ಮಾವ! ನಾಳೆ ಕಲ್ಲು ತಂದು ಇಳಿಸೋಕೆ ಬರ್ತಿದಾರೆ. ಬಯಲಲ್ಲಿ ಜನ ಕಂಡ್ರೆ ನನ್ನ ಕಂಬ ಕಿತ್ತು ಹಾಕ್ತಾರೆ. ಇಷ್ಟು ಕಷ್ಟಪಟ್ಟು ಎಲ್ಲಾ ಸರಿಮಾಡಿದ್ರೆ ನೀವೇ ಜನಾನ ಹಿಡಿದು ಕಳಿಸ್ತಿದೀರಲ್ಲ!”

“ನಾನೆಲ್ಲಿ ಕಳಿಸ್ದೆ? ಸೇತುವೆ ಎಲ್ಲಿ ಅಂದ್ರು, ಎಡಕ್ಕೆ ಅಂದೆ. ಸುಳ್ಳು ಹೇಳ್ಲಾ?”

ಅವಳಿಗೆ ಅಲ್ಲೇ ಕೂತು ಅಳಬೇಕೆನಿಸಿತು. ನಾದಿನಿ ಕೇಳದೆಯೇ ಒಂದು ಲೋಟ ಟೀ ಕೊಟ್ಟಳು. ಟೀ ಕುಡಿಯುವಾಗ ಮಾವ ಬಸ್ಸಿನ ದಾರಿ ನೋಡುತ್ತಲೇ, ಅವಳಿಗೆ ಹೇಳಿದ್ದೋ ತಮಗೇ ಹೇಳಿಕೊಂಡಿದ್ದೋ ತಿಳಿಯದ ಹಾಗೆ ಹೇಳಿದರು: “ದೋಣಿ ಬಿಟ್ಟ ಮೇಲೆ ನನ್ನ ಮಾತು ಕೇಳಿದೋರು ಅವರೇ. ನಿಮಗೆಲ್ಲ ಕೆಲಸ.”

ಅವಳು ಲೋಟ ಖಾಲಿ ಮಾಡಿ ಬೆಂಚಿನ ಮೇಲಿಟ್ಟಳು. ಬಯಲಿನಲ್ಲಿ ಆ ದೊಡ್ಡ ಸಂಸಾರ ಏನೇನು ಮುಟ್ಟುತ್ತಿದೆಯೋ ಎಂಬ ಸಂಕಟ ಒಂದು ಕಡೆ. ಈ ಮುದುಕನನ್ನು ಮನೆಯಲ್ಲಿ ಕಟ್ಟಿಹಾಕುವಂತಿಲ್ಲ, ಬಿಟ್ಟರೆ ಬಯಲು ಉಳಿಯುವುದಿಲ್ಲ ಎಂಬ ಸಂಕಟ ಇನ್ನೊಂದು ಕಡೆ.

“ಏಳಿ,” ಎಂದಳು.

“ಎಲ್ಲಿಗೆ?”

“ಮನೆಗೆ. ನಾಳೆ ಬೆಳಗ್ಗೆ ಬೇಗ ಏಳ್ಬೇಕು ನೀವು.”

ಮರುದಿನ ಅವಳು ಈ ದಡದ ಲಾಡ್ಜಿಗೆ ಗಂಟು ಒಯ್ಯುವ ತಳ್ಳುಗಾಡಿಯನ್ನು ನೀರ ಕಡೆಯ ಬಾಗಿಲಿಗೆ ತಂದು ನಿಲ್ಲಿಸಿದಳು. ಒಂದು ಬದಿಗೆ ಒಗೆದ ಶೀಟುಗಳು, ಇನ್ನೊಂದು ಬದಿಗೆ ಮಡಿಸಿದ ಕುರ್ಚಿ, ಕೊಡೆ, ನೀರಿನ ಬಾಟಲು. ನಡುವೆ, ಒಂದು ಮೃದುವಾದ ಗಂಟಿನ ಮೇಲೆ, ಗೌರವ ಅಧ್ಯಕ್ಷರು. ಲಾಡ್ಜಿನ ದಾರಿ ಸೇತುವೆಯ ಪಕ್ಕದಲ್ಲೇ ಹಾದುಹೋಗುತ್ತದೆ. ಅಲ್ಲಿ ಮರದ ನೆರಳಿನಲ್ಲಿ ಕುರ್ಚಿ ಬಿಚ್ಚಿ ಮಾವನನ್ನು ಕೂರಿಸಿ, “ಈಗ ಯಾರು ಬೇಕಾದ್ರೂ ಬರ್ಲಿ, ಹೇಳಿ ನಿಮ್ಮ ಕತೆ. ಎಲ್ಲಿದೆ ಅಂತ ಕೇಳಿದ್ರೆ ಬೆರಳು ತೋರಿಸಿದ್ರೆ ಸಾಕು, ಎಡ ಬಲ ಅನ್ಬೇಡಿ” ಎಂದು ಕೈಮುಗಿದು ಬಂದಳು.

ಕಲ್ಲಿನ ಟ್ರ್ಯಾಕ್ಟರ್ ಮಧ್ಯಾಹ್ನ ಬಂತು. ಮುಂದೆ ಬೈಕಿನಲ್ಲಿ ಕಾರ್ಯದರ್ಶಿ. ಬಯಲಿನಲ್ಲಿ ಶೀಟುಗಳು, ಒಬ್ಬಳು ಹೆಂಗಸು, ಒಂದು ಹಕ್ಕಿ. ಅವನು ಸುತ್ತ ನೋಡಿದ. ಶೀಟಕ್ಕ ಮೊಳೆಗೆ ಶೀಟು ಸಿಕ್ಕಿಸಿ ಮಡಿಸುತ್ತಲೇ ಇದ್ದಳು.

“ಜನ ಎಲ್ಲಿ ಅಕ್ಕ?”

“ಯಾವ ಜನ?”

“ಯಾವಾಗ್ಲೂ ತುಂಬಿರ್ತಿದ್ರಲ್ಲ?”

“ಜನ ಎಲ್ಲಿಗೆ ಬರ್ತಾರೋ ಅದೇ ಪಾಯಿಂಟು ಅಂದಿದ್ರಿ. ಅವರು ಈಗ ಪಾಯಿಂಟು ಬದಲಾಯಿಸಿದಾರೆ. ಸೇತುವೆ ಹತ್ರ ಹೋಗಿ ನೋಡಿ.”

ಅವನು ಹೋಗಿ ನೋಡಿದ. ಅಲ್ಲಿ ಮಾವನ ಸುತ್ತ ಒಂದು ಸಂತೆಯೇ ನೆರೆದಿತ್ತಂತೆ. ಕೂರಲು ಜಾಗವಿಲ್ಲದೆ ಜನ ಕಲ್ಲಿನ ಮೇಲೆ, ಬೇರಿನ ಮೇಲೆ ಕೂತಿದ್ದರಂತೆ. “ಏನಯ್ಯಾ, ಬೆಂಚು ತರೋಕೆ ಇಷ್ಟು ದಿನ ಬೇಕಾಯ್ತಾ? ಇಳಿಸು ಇಲ್ಲಿ” ಎಂದು ಮಾವ ಎಲ್ಲರೆದುರು ಗದರಿದ್ದಕ್ಕೆ ಟ್ರ್ಯಾಕ್ಟರು ಅಲ್ಲೇ ಕಲ್ಲು ಸುರಿಯಿತು. ಸಂಜೆ ಮನೆಗೆ ಬಂದ ಮಾವ, ಬೆಂಚಿಗೆ ಸರಿಯಾದ ಜಾಗ ಯಾವುದೆಂದು ತಾವು ಮೊದಲಿಂದಲೂ ಹೇಳುತ್ತಿದ್ದುದಾಗಿ ಮಗನಿಗೆ ವಿವರಿಸಿದರು. ಗಂಡ ಹೆಂಡತಿಯ ಮುಖ ನೋಡಿದ. ಅವಳು ಪಾತ್ರೆ ತೊಳೆಯುವ ಕಡೆ ತಿರುಗಿದಳು.

ಈಗ ಅದು ದಿನದ ಕೆಲಸಗಳಲ್ಲೊಂದು. ಬೆಳಗ್ಗೆ ಗಂಟಿನ ಜೊತೆ ಮಾವನನ್ನು ಇಳಿಸುವುದು, ಸಂಜೆ ಕೊಳೆ ಗಂಟಿನ ಜೊತೆ ಹೇರಿಕೊಂಡು ಬರುವುದು. ಗಾಡಿ ಭಾರ, ಮಾವನ ಬಾಯಿ ಬಿಡುವಿಲ್ಲದ್ದು. ಗುಂಡಿಯಲ್ಲಿ ಗಾಲಿ ಇಳಿದಾಗೆಲ್ಲ “ದೋಣಿಯಾಗಿದ್ರೆ ಹೀಗಾಗ್ತಿರ್ಲಿಲ್ಲ” ಎನ್ನುತ್ತಾರೆ. ಅವಳ ಸೊಂಟ ನೋಯುತ್ತದೆ. ಬಟ್ಟೆ ಮಾತ್ರ ಬಯಲಿನಲ್ಲೇ ಒಣಗುತ್ತದೆ.

ನಿನ್ನೆಯೂ ಹಾಗೆಯೇ ಹೊರಟರು. ಬಾಗಿಲ ಎದುರಿಗೆ ನೀರು, ನೀರಿನ ಮೇಲೆ ಎಳೆಬಿಸಿಲು. ಗಾಡಿ ಓಣಿಗೆ ಇಳಿಯಿತು.

“ಎಡಕ್ಕೆ ತಿರುಗಿಸಮ್ಮ,” ಎಂದರು ಮಾವ ಗಂಟಿನ ಮೇಲಿಂದ.

ಶೀಟಕ್ಕ ಗಾಡಿಯನ್ನು ಬಲಕ್ಕೆ ತಿರುಗಿಸಿದಳು.

“ಹ್ಞಾ, ಹಾಗೆ,” ಎಂದರು ಮಾವ.